ಕರಡಿಗೆಯ ಹಿಂದಿನ ಉರಿ

ನನ್ನ ಎಡಗೈಯಲ್ಲಿ ನಾಡಿ ಸಿಗುವುದಿಲ್ಲ. ಬೀದಿಗೆರಡು ಕ್ಲಿನಿಕ್ ಇರುವ ಚೆನ್ನೈನ ವಡಪಳನಿಯಲ್ಲಿ ಇದನ್ನು ಕಂಡುಹಿಡಿಯಲು ನಾಲ್ಕು ವರ್ಷ ಬೇಕಾಯಿತು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ಸುಮ್ಮನೆ ಕೂತಿದ್ದರೆ ಸಾಕಿತ್ತು. ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಸಿಟ್ಟು ಮಾಡಿಕೊಳ್ಳಬೇಡ, ಒಳ್ಳೆಯದಲ್ಲ ಎಂದು ಹೇಳುವವರ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಬರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನಿಂದ ಮದುವೆಯಾಗಿ ಚೆನ್ನೈಗೆ ಬಂದೆ. ಗಂಡನ ಮನೆಯವರು ಗುಂಡ್ಲುಪೇಟೆ ಕಡೆಯ ಲಿಂಗವಂತರು. ಎರಡು ತಲೆಮಾರಿನಿಂದ ಇಲ್ಲಿ ಅರಿಶಿನದ ಮಂಡಿ ಇಟ್ಟುಕೊಂಡವರು. ಮಾವ ಆಗಲೇ ತೀರಿಹೋಗಿದ್ದರು. ಮನೆಯಲ್ಲಿ ಗಂಡ, ಅತ್ತೆ, ನಾನು, ಮೂರೇ ಜನ. ಅತ್ತೆಯ ಮಾತಿನಲ್ಲಿ ಅರ್ಧಕ್ಕರ್ಧ ತಮಿಳು ಸೇರಿಹೋಗಿತ್ತು, ಅಡುಗೆಗೂ ಈ ಊರಿನ ಹುಣಿಸೆ ಹುಳಿ ಹತ್ತಿತ್ತು. ಆಚಾರದಲ್ಲಿ ಮಾತ್ರ ಅವರು ಗುಂಡ್ಲುಪೇಟೆಯಿಂದ ಒಂದು ಹೆಜ್ಜೆಯೂ ಈಚೆ ಬಂದಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸದೆ ಯಾರ ಬಾಯಿಗೂ ಒಂದು ಗುಟುಕು ಕಾಫಿ ಬೀಳುತ್ತಿರಲಿಲ್ಲ.

ನಮ್ಮ ಪೂಜೆಗೆ ಗುಡಿ ಬೇಡ. ಕೊರಳಿನ ಶಿವದಾರದಲ್ಲಿ ಕರಡಿಗೆ ಇರುತ್ತದೆ, ಬೆಳ್ಳಿಯ ಪುಟ್ಟ ಪೆಟ್ಟಿಗೆ. ಅದರೊಳಗಿನ ಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟುಕೊಳ್ಳಬೇಕು. ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬಲಗೈಯಲ್ಲಿ ನೀರು, ಭಸ್ಮ, ಪತ್ರೆ ಏರಿಸಿ, ರೆಪ್ಪೆ ಅಲುಗಿಸದೆ ನೋಡುತ್ತ ಕೂರಬೇಕು. ಹುಡುಗಿಯಾಗಿದ್ದಾಗ ನಾನು ಅರ್ಧ ಗಂಟೆ ಕೂರುತ್ತಿದ್ದೆ. ಮದುವೆಯಾದ ಎರಡನೆಯ ವರ್ಷಕ್ಕೆ ಹತ್ತು ನಿಮಿಷ ಆಗುವಷ್ಟರಲ್ಲಿ ಎಡಗೈ ಸೋಲತೊಡಗಿತು. ಮೊದಲು ಭಾರ, ಆಮೇಲೆ ಜೋಮು, ಕೊನೆಗೆ ಬೆರಳ ತುದಿಗಳೆಲ್ಲ ಬಿಳಿಚಿಕೊಂಡು ತಣ್ಣಗಾಗುತ್ತಿದ್ದವು. ಕೈಯನ್ನು ತೊಡೆಯ ಮೇಲೆ ಇಳಿಸಿಕೊಳ್ಳುತ್ತಿದ್ದೆ.

ಅತ್ತೆಯ ಕಣ್ಣಿಗೆ ಬಿದ್ದದ್ದು ಅದು. “ಲಿಂಗಾನ ತೊಡೆ ಮೇಲೆ ಇಟ್ಕೋತೀಯಲ್ಲೇ, ಮಡಿಲಲ್ಲಿ ಕಳ್ಳೇಕಾಯಿ ಇಟ್ಕೊಂಡಂಗೆ?”

“ಕೈ ಸೋತು ಹೋಗತ್ತೆ ಅತ್ತೆ.”

“ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ. ಆಫೀಸಿಗೆ ಬ್ಯಾಗ್ ಹೊತ್ಕೊಂಡು ಹೋಗೋವಾಗ ಸೋಲಲ್ವಾ?”

ಬ್ಯಾಗನ್ನು ನಾನು ಬಲ ಹೆಗಲಿಗೆ ಹಾಕುತ್ತಿದ್ದೆ. ಬಸ್ಸಿನ ಕಂಬಿಯನ್ನೂ ಬಲಗೈಯಲ್ಲೇ ಹಿಡಿಯುತ್ತಿದ್ದೆ. ಎಡಗೈಯಲ್ಲಿ ಹಿಡಿದರೆ ಎರಡು ಸ್ಟಾಪ್ ದಾಟುವಷ್ಟರಲ್ಲಿ ಕೈ ಬಿಟ್ಟುಹೋಗುತ್ತಿತ್ತು. ಇದನ್ನೆಲ್ಲ ಹೇಳಿದರೆ ಸೊಸೆ ಬಾಯಿಗೆ ಬಾಯಿ ಕೊಡುತ್ತಾಳೆ ಎನ್ನುತ್ತಿದ್ದರು. ಗಂಡ ಒಳ್ಳೆಯವರು. ಒಳ್ಳೆಯವರಾದ್ದರಿಂದ ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದರು.

ಬೀದಿಯ ಕ್ಲಿನಿಕ್ಕಿನ ಡಾಕ್ಟರ ಮೇಜಿನ ಪಕ್ಕ ಪೇಷೆಂಟಿನ ಕುರ್ಚಿ ಇದ್ದ ರೀತಿಯಲ್ಲಿ ಅವರ ಕಡೆಗೆ ಬರುತ್ತಿದ್ದದ್ದು ಎಡಗೈಯೇ. ಬಿಪಿ ಪಟ್ಟಿ ಅದಕ್ಕೇ ಸುತ್ತುತ್ತಿದ್ದರು. ಮುಳ್ಳು ಎಲ್ಲೋ ತಳದಲ್ಲಿ ನಿಲ್ಲುತ್ತಿತ್ತು. “ಲೋ ಬಿಪಿ ಅಮ್ಮ. ಉಪ್ಪು ಜಾಸ್ತಿ ತಿನ್ನಿ. ಮಜ್ಜಿಗೆಗೂ ಉಪ್ಪು ಹಾಕಿ ಕುಡಿಯಿರಿ.” ನಾಲ್ಕು ವರ್ಷ ನಾನು ಉಪ್ಪಿನಕಾಯಿಯನ್ನು ಪಲ್ಯದ ಹಾಗೆ ತಿಂದೆ. ಆಮೇಲೆ ಬೇರೆಯವರು ನೋಡಿದಾಗ ಬಲಗೈಯಲ್ಲಿ ರಕ್ತದೊತ್ತಡ ಮಿತಿಮೀರಿತ್ತು. ನಿಜವಾದ ಒತ್ತಡ ಅದು. ಎಡಗೈಗೆ ರಕ್ತವೇ ಸರಿಯಾಗಿ ಹೋಗುತ್ತಿಲ್ಲದ್ದರಿಂದ ಅಲ್ಲಿ ಮುಳ್ಳು ಮೇಲೇಳುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಇಲ್ಲಿ ಎತ್ತೂ ನಾನೇ, ಎಮ್ಮೆಯೂ ನಾನೇ. ಕುರ್ಚಿಯನ್ನು ಒಂದು ದಿನ ಆಚೆ ಬದಿಗೆ ಹಾಕಿದ್ದರೆ ಸಾಕಿತ್ತು ಎಂದು ನೆನೆದು ಹಲ್ಲು ಕಚ್ಚಿದ್ದೇನೆ.

ಕೊನೆಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ತಲೆ ತಿರುಗಿ ಬಿದ್ದೆ. ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ನನ್ನ ಎಡ ಮಣಿಕಟ್ಟು ಹಿಡಿದು ಹುಡುಕಿದಳು. ಬಲಗೈ ಹಿಡಿದಳು. ಮತ್ತೆ ಎಡಗೈಗೆ ಬಂದಳು. ಕತ್ತಿನ ಎರಡೂ ಕಡೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು. ಐದು ನಿಮಿಷದ ಕೆಲಸ. ದೊಡ್ಡ ರಕ್ತನಾಳಗಳ ಗೋಡೆಯೇ ಊದಿಕೊಂಡು, ಉರಿಯೂತ ಬಂದು, ಒಳಗಿನ ದಾರಿ ಕಿರಿದಾಗುವ ಕಾಯಿಲೆ ಇದು, ನಮ್ಮ ಕಡೆ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೇ ಬರುತ್ತದೆ ಎಂದು ವಿವರಿಸಿದಳು. ಎದೆಯಿಂದ ಎಡಗೈಗೆ ಹೋಗುವ ನಾಳ ಮುಕ್ಕಾಲು ಮುಚ್ಚಿತ್ತು. ಪಕ್ಕದಲ್ಲೇ ಕತ್ತು ಹತ್ತಿ ಮಿದುಳಿಗೆ ಹೋಗುವ ನಾಳ ಇನ್ನೂ ತೆರೆದಿತ್ತು. ಅದನ್ನು ಉಳಿಸಿಕೊಳ್ಳಬೇಕು ಎಂದಳು. ಆ ದಿನದಿಂದ ನನ್ನ ಚಿಂತೆಯೆಲ್ಲ ಅದೊಂದರ ಮೇಲೆಯೇ ನಿಂತಿತು.

ಮನೆಗೆ ಬಂದು ಹೇಳಿದಾಗ ಅತ್ತೆ “ಅದಕ್ಕೇ ಮಕ್ಕಳಾಗ್ತಿಲ್ವೋ ಏನೋ” ಎಂದರು.

ಸ್ಟೆರಾಯ್ಡ್ ಮಾತ್ರೆ ಎರಡು ವರ್ಷ ನುಂಗಿದೆ. ಮುಖ ಕಡುಬಿನ ಹಾಗೆ ಉಬ್ಬಿತು. ಎರಡು ವರ್ಷದ ಕೊನೆಗೆ ರಕ್ತಪರೀಕ್ಷೆ ಚೆನ್ನಾಗಿ ಬಂತು. ಆ ವಿಭಾಗದ ಹಿರಿಯ ಡಾಕ್ಟರು ಕಾಗದ ನೋಡಿ, ಉರಿ ಆರಿದೆ, ಮಾತ್ರೆ ನಿಲ್ಲಿಸೋಣ, ಬೇಕಿದ್ದರೆ ಮಗುವಿನ ಬಗ್ಗೆ ಯೋಚಿಸಿ ಎಂದರು. ಗಂಡನ ಮುಖ ಅರಳಿತು. ನನಗೆ ಮಾತ್ರ ಎಡ ಕತ್ತಿನಿಂದ ದವಡೆಯವರೆಗೆ ಒಂದು ನೋವು ಹತ್ತಿತ್ತು, ಮುಟ್ಟಿದರೆ ಹುಣ್ಣಿನ ಹಾಗೆ. ಹೇಳಿದೆ. ದಿಂಬು ಬದಲಾಯಿಸಿ ಎಂದರು.

ಡಾಕ್ಟರಮ್ಮ ಅಲ್ಲೇ ನಿಂತಿದ್ದಳು. ರಕ್ತಪರೀಕ್ಷೆ ಸರಿಯಿದ್ದರೂ ಕೆಲವರಿಗೆ ನಾಳದ ಗೋಡೆಯಲ್ಲಿ ಉರಿ ಉಳಿದಿರಬಹುದು, ಹೊಸದಾಗಿ ಪೆಟ್ ಸ್ಕ್ಯಾನ್ ಬಂದಿದೆ, ಅದರಲ್ಲಿ ನೋಡಬಹುದು ಎಂದು ಹಿರಿಯರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅದು ಕ್ಯಾನ್ಸರಿಗೆ ಇರುವ ಯಂತ್ರ ಎಂದು ಅವರು ನಕ್ಕರು. ಆದರೂ ಬರೆದುಕೊಟ್ಟರು. ನನಗೆ ಅವಳು ಆಮೇಲೆ ತಿಳಿಸಿ ಹೇಳಿದಳು. ಸಕ್ಕರೆಯಂಥದ್ದೇ ಒಂದು ಮದ್ದನ್ನು ರಕ್ತಕ್ಕೆ ಚುಚ್ಚುತ್ತಾರೆ. ಉರಿಯೂತ ಇರುವ ಜಾಗ ಸಕ್ಕರೆಗೆ ಬಾಯಿಬಿಡುತ್ತದೆ, ಉಳಿದ ಕಡೆಗಿಂತ ಹೆಚ್ಚು ಹೀರಿಕೊಳ್ಳುತ್ತದೆ. ಯಂತ್ರದ ಕಣ್ಣಿಗೆ ಅಲ್ಲಿ ಬೆಳಕು ಕಾಣುತ್ತದೆ. ಬೆಳಕು ಕಂಡರೆ ಮಾತ್ರೆ ಮುಂದುವರಿಯುತ್ತದೆ, ಕಾಣದಿದ್ದರೆ ನಿಲ್ಲುತ್ತದೆ. ನನ್ನ ಮಾತು ನಂಬದವರು ಬೆಳಕನ್ನಾದರೂ ನಂಬುತ್ತಾರೆ ಎಂದುಕೊಂಡೆ.

ಆ ಮದ್ದು ಬೇರೆ ಊರಿನಿಂದ ಬೆಳಗಿನ ವಿಮಾನದಲ್ಲಿ ಬರುತ್ತಿತ್ತು. ಎರಡು ಗಂಟೆಯೊಳಗೆ ಅದರ ಅರ್ಧ ಬಲ ಇಳಿದುಹೋಗುತ್ತದಂತೆ. ಹಾಗಾಗಿ ಎಲ್ಲಕ್ಕೂ ಅವಸರ. ಹಿಂದಿನ ಸಂಜೆಯಿಂದ ಉಪವಾಸವಿದ್ದು ಹೋದೆ. ಅತ್ತೆ ಜೊತೆಗೆ ಬಂದರು. ಕಾಯುವ ಕೋಣೆಯಲ್ಲಿ ಉಳಿದವರೆಲ್ಲ ಕ್ಯಾನ್ಸರಿನವರು. ನಿಮಗೆ ಎಲ್ಲಿ ಎಂದು ಒಬ್ಬರು ಕೇಳಿದರು. ರಕ್ತನಾಳ ಎಂದೆ. ಅಯ್ಯೋ ಪಾಪ, ಅಲ್ಲಿಗೂ ಬರುತ್ತದಾ ಎಂದರು.

ಬಟ್ಟೆ ಬದಲಿಸುವ ಮರೆಯಲ್ಲಿ ತಾಳಿ, ಓಲೆ, ಬಳೆ ಎಲ್ಲ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಕರಡಿಗೆಗೆ ಕೈ ಹಾಕಿದಾಗ ಅವರು ನನ್ನ ಕೈ ಹಿಡಿದುಕೊಂಡರು.

“ಅದನ್ನ ತೆಗೀಬೇಡ.”

“ಲೋಹ ಯಾವುದೂ ಇರಬಾರದು ಅಂದಿದ್ದಾರೆ ಅತ್ತೆ.”

“ಅವರಿಗೇನು ತೆರಿಯುಂ, ಏನು ಗೊತ್ತು? ತಾಳಿ ತೆಗೆದ್ರೂ ಕೊಂಚ ಹೊತ್ತು ತಡ್ಕೋಬಹುದು. ಲಿಂಗ ಮೈ ಬಿಟ್ರೆ ಉಸಿರು ಬಿಟ್ಟಂಗೆ. ನಿಮ್ಮ ಮಾವ ಆಪರೇಷನ್ ಆದಾಗಲೂ ಬಿಡಲಿಲ್ಲ.” ಅಷ್ಟು ಹೇಳಿ ಅವರೇ ಶಿವದಾರವನ್ನು ಗಿಡ್ಡ ಮಾಡಿ ಗಂಟು ಹಾಕಿ, ಕರಡಿಗೆಯನ್ನು ಕತ್ತಿನ ಬುಡಕ್ಕೆ ಏರಿಸಿ, ಮೇಲೆ ಆಸ್ಪತ್ರೆಯ ಅಂಗಿಯ ಲಾಡಿ ಬಿಗಿದರು.

ಲಿಂಗವನ್ನು ಬೆಳ್ಳಿಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳಬಹುದು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನಮಗೆ ಪೆಟ್ಟಿಗೆ ಬೇರೆ, ಲಿಂಗ ಬೇರೆ ಎಂದು ಯೋಚಿಸಿಯೇ ಗೊತ್ತಿರಲಿಲ್ಲ. ಟೆಕ್ನೀಷಿಯನ್ ಬಂದು “ಮೆಟಲ್ ಏದಾವದು ಇರುಕ್ಕಾಮ್ಮಾ?” ಎಂದು ಕೇಳಿದ, ಲೋಹ ಏನಾದರೂ ಇದೆಯಾ ಎಂದು. ಇಲ್ಲ ಎಂದೆ. ಆ ಸುಳ್ಳನ್ನು ನಾನೇ ಹೇಳಿದೆ. ಅದನ್ನು ಅತ್ತೆಯ ತಲೆಗೆ ಕಟ್ಟುವುದಿಲ್ಲ.

ಮದ್ದು ಚುಚ್ಚಿ ಕಂಬಳಿ ಹೊದಿಸಿ ಒಂದು ಗಂಟೆ ಮಲಗಿಸಿದರು. ಮಾತಾಡಬಾರದು, ಮಾತಾಡಿದರೆ ಗಂಟಲಿನ ಸ್ನಾಯುಗಳೇ ಮದ್ದನ್ನು ಹೀರಿಕೊಳ್ಳುತ್ತವೆ ಎಂದರು. ನಾನು ಮಾತಾಡದೆ ಒಂದು ಗಂಟೆ ಇದ್ದದ್ದನ್ನು ಗಂಡ ಈಗಲೂ ಆಡಿಕೊಳ್ಳುತ್ತಾರೆ. ಆಮೇಲೆ ಯಂತ್ರದ ಹಲಗೆಯ ಮೇಲೆ ಮಲಗಿಸಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿದರು. ಎಡಗೈ ಐದು ನಿಮಿಷಕ್ಕೇ ಸೋತಿತು. ಕಣ್ಣಲ್ಲಿ ನೀರು ಬಂತು. ಸ್ವಲ್ಪ ಸರಿಸಿದೆ. “ಕೈ ಅಸೈಕ್ಕಾದೀಂಗ!” ಎಂದು ಟೆಕ್ನೀಷಿಯನ್ ಮೈಕಿನಲ್ಲಿ ಗದರಿದ. ಅಲ್ಲಾಡಿಸಬೇಡಿ ಎಂದು. ಅಲ್ಲಾಡಿಸದೆ ಮಲಗಿದೆ.

ಮುಗಿದ ಮೇಲೆ ಅವನು ಕೆಂಡವಾಗಿ ಬಂದ. ಪರದೆಯ ಮೇಲೆ ಮೊದಲ ಚಿತ್ರದಲ್ಲೇ ಪೆಟ್ಟಿಗೆ ಚೌಕಾಕಾರವಾಗಿ ಕಂಡಿತ್ತಂತೆ. ಕಂಡಾಗಲೇ ನಿಲ್ಲಿಸಿ ಯಾಕೆ ತೆಗೆಸಲಿಲ್ಲ ಎಂದು ಕೇಳಿದೆ. ಹಿಂದೆ ಇನ್ನೂ ಮೂರು ಜನ ಮದ್ದು ಚುಚ್ಚಿಸಿಕೊಂಡು ಕಾಯುತ್ತಿದ್ದಾರೆ, ನಿಮ್ಮೊಬ್ಬರಿಗಾಗಿ ಯಂತ್ರ ನಿಲ್ಲಿಸಲಾ ಎಂದ. ಲಾಡಿ ಬಿಚ್ಚಿ ಒಂದು ಗಂಟು ಕತ್ತರಿಸಲು ಎಷ್ಟು ಹೊತ್ತು ಬೇಕು? ಸುಳ್ಳು ಹೇಳಿದ್ದು ನನ್ನ ತಪ್ಪು. ಕಂಡ ಮೇಲೂ ನಡೆಸಿದ್ದು ಯಾರ ತಪ್ಪು? ಅದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ.

ವಾರದ ನಂತರ ಹಿರಿಯ ಡಾಕ್ಟರು ಫಿಲಂ ಎತ್ತಿ ಹಿಡಿದರು. ಎದೆಯ ಮೇಲ್ಭಾಗದಿಂದ ಎಡ ಕತ್ತಿನ ಬುಡದವರೆಗೆ ಬೆಳಕು ಕದಡಿದ ಹಾಗೆ ಹರಡಿತ್ತು. ಲೋಹ ಅಡ್ಡ ಬಂದರೆ ಯಂತ್ರ ಲೆಕ್ಕ ತಪ್ಪಿ ಇಲ್ಲದ ಬೆಳಕನ್ನೂ ತೋರಿಸುತ್ತದೆ, ಇದೆಲ್ಲ ನಿಮ್ಮ ಪೆಟ್ಟಿಗೆಯ ಪ್ರಸಾದ ಎಂದರು. ಉಳಿದ ಕಡೆ ಏನೂ ಇಲ್ಲ, ರಕ್ತವೂ ಚೆನ್ನಾಗಿದೆ, ಮಾತ್ರೆ ಇಳಿಸುತ್ತ ಬಂದು ನಿಲ್ಲಿಸಿಬಿಡಿ ಎಂದರು.

“ನೋವಿರೋದು ಅಲ್ಲೇ ಡಾಕ್ಟರೇ. ಪೆಟ್ಟಿಗೆಯ ಹಿಂದೇನೇ. ಇನ್ನೊಂದು ಸಲ ತೆಗೆಯೋಕೆ ಆಗಲ್ವಾ?” ಎಂದು ನನ್ನ ಅರೆಬರೆ ತಮಿಳಿನಲ್ಲಿ ಕೇಳಿದೆ.

ಅವರು ನಕ್ಕರು. “ಪೆಟ್ಟಿಗೆ ಇಲ್ಲ ಅಂದವರೂ ನೀವೇ ಅಲ್ವಾಮ್ಮಾ?”

ಒಂದು ಸುಳ್ಳು ಹೇಳಿದ್ದಕ್ಕೆ ನನ್ನ ನೋವೂ ಸುಳ್ಳಾಯಿತು. ಡಾಕ್ಟರಮ್ಮ ಆ ಹೊತ್ತಿಗೆ ಬೇರೆ ವಿಭಾಗಕ್ಕೆ ಹೋಗಿದ್ದಳು, ನನ್ನ ಪರ ಮಾತಾಡುವವರು ಇರಲಿಲ್ಲ. ಗಂಡ ನನ್ನ ಮೊಣಕೈ ಹಿಡಿದು “ಬಿಡು, ದೊಡ್ಡ ಡಾಕ್ಟರು ಹೇಳ್ತಿದ್ದಾರಲ್ಲ” ಎಂದರು. ದೊಡ್ಡ ಡಾಕ್ಟರು, ದೊಡ್ಡ ಆಸ್ಪತ್ರೆ, ದೊಡ್ಡ ಯಂತ್ರ. ಸಣ್ಣದು ನನ್ನ ಕತ್ತೊಂದೇ.

ಮಾತ್ರೆ ಇಳಿಯುತ್ತ ಬಂತು, ಮುಖವೂ ಇಳಿಯಿತು. ಎದುರು ಮನೆಯವರು ಈಗ ಲಕ್ಷಣವಾಗಿದ್ದೀಯ ಎಂದರು. ಅತ್ತೆ ಮುರುಗನ ಗುಡಿಗೆ ಹೋಗುವ ನೆರೆಯವರ ಕೈಯಲ್ಲಿ ನನ್ನ ಹೆಸರಿನಲ್ಲಿ ಅರ್ಚನೆ ಕೂಡ ಮಾಡಿಸಿದರು, ಸ್ಥಾವರಕ್ಕೆ ಕೈಮುಗಿಯದ ಮನುಷ್ಯೆ. ನಾನು ಮಾತ್ರ ದಿನಾ ಬೆಳಿಗ್ಗೆ ಕತ್ತಿನ ಎಡಕ್ಕೆ ಬೆರಳಿಟ್ಟು ನಾಡಿ ನೋಡಿಕೊಳ್ಳುವುದು ಕಲಿತೆ. ಮೊದಮೊದಲು ಚೆನ್ನಾಗಿ ಬಡಿಯುತ್ತಿತ್ತು. ತಿಂಗಳು ಕಳೆದಂತೆ ಒತ್ತಿ ಹುಡುಕಬೇಕಾಯಿತು. ಗಂಡನ ಬೆರಳು ಹಿಡಿದು ಅಲ್ಲಿಡಿಸಿದೆ. ಅವರಿಗೆ ಸಿಕ್ಕಿತಂತೆ. ಅವರಿಗೆ ಸಿಕ್ಕಿದ್ದು ಅವರದೇ ಬೆರಳಿನ ಮಿಡಿತ ಎಂದು ನನಗೆ ಆಗಲೂ ಅನ್ನಿಸಿತ್ತು. ಐದನೆಯ ತಿಂಗಳಲ್ಲಿ ಅದು ನಿಂತಿತು. ಮೂರನೆಯ ದಿನ ನಮ್ಮ ವಿಮಾ ಕಚೇರಿಯಲ್ಲಿ ಪಾಲಿಸಿ ಕಾಗದ ಓದುತ್ತಿದ್ದಾಗ ಎಡಗಣ್ಣಿನ ಮುಂದೆ ಪರದೆ ಇಳಿದ ಹಾಗೆ ಕತ್ತಲಾಯಿತು. ಕೆಲವು ನಿಮಿಷದ ಮೇಲೆ ಕಣ್ಣು ಬಂತು. ಅಷ್ಟು ಹೊತ್ತು ನಾನು ಮೇಜಿನ ಅಂಚು ಹಿಡಿದು ಕೂತಿದ್ದೆ. ಅಂಥ ಭಯವನ್ನು ನಾನು ಶತ್ರುವಿಗೂ ಬಯಸುವುದಿಲ್ಲ.

ನೇರ ಆಸ್ಪತ್ರೆಗೆ ಹೋಗಿ ಕೂತೆ. ಅದೇ ಯಂತ್ರದಲ್ಲಿ ಮತ್ತೆ ನೋಡದೆ ಎದ್ದು ಹೋಗುವುದಿಲ್ಲ ಎಂದು ಹಠ ಹಿಡಿದೆ. ಹಿರಿಯ ಡಾಕ್ಟರು ಈ ಸಲ ನಗಲಿಲ್ಲ.

ಎರಡನೆಯ ಸಲ ನಾನು ಅತ್ತೆಯನ್ನು ಕೇಳಲಿಲ್ಲ. ಕರಡಿಗೆಯಿಂದ ಲಿಂಗ ತೆಗೆದು, ವಸ್ತ್ರದಲ್ಲಿ ಸುತ್ತಿ, ಅವರ ಎಡ ಅಂಗೈ ಮೇಲಿಟ್ಟೆ. “ನಾನು ಬರೋತನಕ ಹಿಡ್ಕೊಂಡಿರಿ” ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡು ಗಂಟೆ ಆ ಕೈಯನ್ನು ಕೆಳಗಿಳಿಸಲಿಲ್ಲ. ನಾನು ಹೊರಬಂದಾಗ ತೋಳು ನಡುಗುತ್ತಿತ್ತು. “ಕೈ ಜೋಮು ಹಿಡೀತು ಕಣೆ” ಎಂದರು. ನಾನು ಲಿಂಗ ಈಸಿಕೊಂಡೆ. ಸಮಾಧಾನ ಮಾಡಬಹುದಿತ್ತು, ಮನಸ್ಸು ಬರಲಿಲ್ಲ.

ಈ ಸಲ ಫಿಲಂ ನೋಡಲು ಡಾಕ್ಟರು ಬೇಕಿರಲಿಲ್ಲ. ಎದೆಯ ದೊಡ್ಡ ನಾಳದ ಬಾಗು, ಅಲ್ಲಿಂದ ಎಡಗೈಗೆ ಕವಲೊಡೆಯುವ ಬುಡ, ಎಡ ಕತ್ತು ಹತ್ತುವ ನಾಳ, ಎಲ್ಲ ಕೆಂಡದ ಗೆರೆ ಎಳೆದ ಹಾಗೆ ಹೊಳೆಯುತ್ತಿತ್ತು. ನಾನು ಬೆರಳಿಟ್ಟು ತೋರಿಸುತ್ತಿದ್ದ ಜಾಗವೇ. ರಕ್ತಪರೀಕ್ಷೆ ಈ ಸಲವೂ ಚೆನ್ನಾಗಿಯೇ ಬಂದಿತ್ತು. ಮಾತ್ರೆ ಮತ್ತೆ ಶುರುವಾಯಿತು, ಜೊತೆಗೆ ಇನ್ನೊಂದು, ಅದನ್ನು ನುಂಗುವಷ್ಟು ಕಾಲ ಮಗುವಿನ ಮಾತೆತ್ತಬಾರದು. ಮುಚ್ಚಿದ ನಾಳ ಇನ್ನು ತೆರೆಯುವುದಿಲ್ಲ, ಬಲಗಡೆಯದನ್ನು ಕಾಪಾಡಿಕೊಳ್ಳೋಣ ಎಂದರು.

ಹದಿನೈದು ದಿನದ ಮೇಲೆ ಹೋದಾಗ ಹಿರಿಯ ಡಾಕ್ಟರು, ಹತ್ತು ನಿಮಿಷ ಬನ್ನಿ, ವಿದ್ಯಾರ್ಥಿಗಳಿಗೆ ತೋರಿಸಬೇಕು ಎಂದು ಕೇಳಿಕೊಂಡರು. ಅತ್ತೆಯೂ ಜೊತೆಗಿದ್ದರು. ಕೋಣೆಯಲ್ಲಿ ಹತ್ತು ಹನ್ನೆರಡು ಹುಡುಗ ಹುಡುಗಿಯರು. ಗೋಡೆಯ ದೀಪದ ಹಲಗೆಗೆ ಎರಡೂ ಫಿಲಂಗಳನ್ನು ಪಕ್ಕಪಕ್ಕ ಸಿಕ್ಕಿಸಿದ್ದರು. ರಕ್ತ ಸರಿಯಿದ್ದರೂ ನಾಳದಲ್ಲಿ ಉರಿ ಇರಬಹುದು ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ ಎಂದರು. ಮೊದಲನೆಯದನ್ನು ತೋರಿಸಿ, ಪೇಷೆಂಟ್ ದೇವರ ಪೆಟ್ಟಿಗೆಯನ್ನು ಬಚ್ಚಿಟ್ಟುಕೊಂಡು ಬಂದಿದ್ದರು, ಮೂಢನಂಬಿಕೆಯಿಂದ ಐದು ತಿಂಗಳು ಹಾಳಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹುಡುಗರು ನಕ್ಕರು. ನನಗೆ ಇಂಗ್ಲಿಷ್ ಬರುತ್ತದೆ ಎಂದು ಅವರಿಗೆ ಹೊಳೆದಂತಿರಲಿಲ್ಲ.

ನಕ್ಕದ್ದು ಅತ್ತೆಗೆ ಅರ್ಥವಾಯಿತು. ಫಿಲಂ ಮೇಲಿನ ಚೌಕವೂ ಅವರಿಗೆ ಗುರುತು ಸಿಕ್ಕಿತ್ತು. ಎದ್ದು ನಿಂತರು. “ನಾನ್ ದಾನ್ ಕಟ್ಟಿನೇನ್” ಎಂದರು, ಕಟ್ಟಿದವಳು ನಾನೇ ಎಂದು. ಮುಂದಿನದು ಸಿಟ್ಟಿನಲ್ಲಿ ಕನ್ನಡದಲ್ಲೇ ಬಂತು. “ಇವಳು ನೋವು ನೋವು ಅಂತ ಬಡ್ಕೊಂಡ್ಳು. ಪೆಟ್ಟಿಗೆ ಕಟ್ಟಿದ್ದು ನಂದು ತಪ್ಪು. ಕಿವಿ ಕಟ್ಕೊಂಡಿದ್ದು ಯಾರ್ದು?”

ಆ ಕಿವಿಗಳಲ್ಲಿ ಅವರದ್ದೂ ಒಂದು ಜೊತೆ ಇತ್ತು. ನನಗೆ ಅಳು ಬಂತು, ಅಷ್ಟೇ ಸಿಟ್ಟೂ ಬಂತು. ಇದನ್ನು ಮನೆಯಲ್ಲಿ, ನನ್ನ ಮುಖ ನೋಡಿ, ಒಂದು ದಿನವೂ ಹೇಳಿದವರಲ್ಲ. ಡಾಕ್ಟರು “ಉಕ್ಕಾರುಂಗಮ್ಮಾ” ಎಂದು ಕೂರಿಸಿ, ವಿದ್ಯಾರ್ಥಿಗಳಿಗೆ ನನ್ನ ನಾಡಿ ನೋಡಲು ಹೇಳಿದರು.

ಒಬ್ಬೊಬ್ಬರಾಗಿ ಬಂದರು. ಎಡ ಮಣಿಕಟ್ಟು ಹಿಡಿದರು, ಇಲ್ಲ. ಎಡ ಕತ್ತಿಗೆ ಬೆರಳಿಟ್ಟರು, ಅಲ್ಲೂ ಇಲ್ಲ. ಕೊನೆಗೆ ಬಂದ ಹುಡುಗಿ ಬಹಳ ಹೊತ್ತು ಹುಡುಕಿ, ಕತ್ತಿನ ನಾಡಿ ಯಾವಾಗಿನಿಂದ ಇಲ್ಲ ಸರ್ ಎಂದು ಡಾಕ್ಟರನ್ನು ಕೇಳಿದಳು. ಅವರು ನನ್ನ ಫೈಲು ತಿರುವುತ್ತ ಹುಡುಕತೊಡಗಿದರು. ಎರಡು ಹಾಳೆ, ಮೂರು ಹಾಳೆ ತಿರುವಿದರು.

“ಇವರು ಮಾತ್ರೆ ನಿಲ್ಲಿಸಿದ ಐದನೇ ತಿಂಗಳಿಂದ” ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. “ಬರೆದುಕೊಳ್ಳಿ.”

ಅವಳು ಡಾಕ್ಟರ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಪೆನ್ನಿನ ಮುಚ್ಚಳ ಹಾಕಿದಳು.